ಇಲ್ಲ ಎನ್ನುವುದನ್ನೂ ನಕಲು ಮಾಡಬೇಕು

ಪ್ರಶ್ನೆ: ನನ್ನ ಊರು ವಿಜಯಪುರ. ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ತರಬೇತಿಯಲ್ಲಿ ನಾವು ಕ್ಯೂಎಮು ಎಂಬ ಎಮ್ಯುಲೇಟರ್ ಬಳಸುತ್ತೇವೆ. ಲ್ಯಾಪ್‌ಟಾಪಿನೊಳಗೆ ಇನ್ನೊಂದು ಪ್ರೊಸೆಸರ್ ಇದ್ದ ಹಾಗೆ ಅದು ನಡೆದುಕೊಳ್ಳುತ್ತದೆ. ಹಿಂದೊಮ್ಮೆ ಅದರೊಳಗೆ ಸಾಮಾನ್ಯ ಬಳಕೆದಾರನೊಬ್ಬ ಎಲ್ಲ ಅಧಿಕಾರವುಳ್ಳ ರೂಟ್ ಆಗಿಬಿಡಬಹುದಾದ ದೋಷ ಸಿಕ್ಕಿತ್ತಂತೆ. ಆದರೆ ಅದನ್ನು ಕಟ್ಟಿದವರು, ನಾವು ಕೊಟ್ಟ ಭರವಸೆ ಯಾವುದೂ ಮುರಿದಿಲ್ಲ ಅಂದರಂತೆ. ನಮ್ಮ ಮೇಷ್ಟ್ರು ಇಷ್ಟು ಹೇಳಿ ಮುಂದೆ ಹೋದರು. ಪ್ರೊಸೆಸರೇ ನಕಲಿ ಅಂದಮೇಲೆ ಅದರೊಳಗೆ ಯಾರು ಯಾರಾದರೂ ನಷ್ಟ ಯಾರಿಗೆ? ದೋಷ ನಿಜವಾಗಿದ್ದರೆ ಭರವಸೆ ಮುರಿದಿಲ್ಲ ಅನ್ನುವುದು ಹೇಗೆ?
ಒಬ್ಬ ಓದುಗ, ಹಿಂಜವಡಿ, ಪುಣೆ

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ ದೋಷಕ್ಕೆ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ, ಸಿವಿಇ-2017-8284. ಕಟ್ಟಿದವರ ಆ ಮಾತನ್ನೂ ಅದೇ ದಾಖಲೆಯ ಕೊನೆಗೆ ಸೇರಿಸಿದ್ದಾರೆ. ದೋಷವೂ ನಿಜ, ಆ ಮಾತೂ ನಿಜ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆಂದು ತಿಳಿಯಬೇಕಾದರೆ ಪ್ರೊಸೆಸರ್ ದಿನವಿಡೀ ಮಾಡುವ, ಯಾರ ಕಣ್ಣಿಗೂ ಬೀಳದ ಒಂದು ಕೆಲಸವನ್ನು ಮೊದಲು ನೋಡಬೇಕು.

ಪ್ರೊಸೆಸರ್ ಕೂಡುತ್ತದೆ, ಕಳೆಯುತ್ತದೆ, ನೆನಪಿನಿಂದ ತರುತ್ತದೆ, ನೆನಪಿಗೆ ಬರೆಯುತ್ತದೆ. ಇದನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಇದರ ಜೊತೆಗೆ ಅದು ನಿರಾಕರಿಸುತ್ತಲೂ ಇರುತ್ತದೆ. ಕೆಲವು ಆದೇಶಗಳು ಬಂದಾಗ, ಹೇಳುತ್ತಿರುವವರು ಯಾರು ಎಂದು ಕೇಳುತ್ತದೆ. ಅಧಿಕಾರ ಇಲ್ಲದವರಾದರೆ ಆದೇಶವನ್ನು ನಡೆಸದೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ದೂರು ಒಯ್ಯುತ್ತದೆ. ಇಂಟೆಲ್ ಮನೆತನದಲ್ಲಿ ಈ ವ್ಯವಸ್ಥೆ 1982ರ 80286 ಚಿಪ್‌ನಿಂದ ಬಂತು. ಅಲ್ಲಿ ಸೊನ್ನೆಯಿಂದ ಮೂರರವರೆಗೆ ನಾಲ್ಕು ಹಂತಗಳು. ಸೊನ್ನೆ ಕರ್ನಲ್‌ನದು, ಮೂರು ನಮ್ಮ ನಿಮ್ಮ ಪ್ರೋಗ್ರಾಮುಗಳದು. ನಡುವಿನ ಎರಡನ್ನು ಈಗಿನ ಆಪರೇಟಿಂಗ್ ಸಿಸ್ಟಮ್‌ಗಳು ಹೆಚ್ಚುಕಡಿಮೆ ಖಾಲಿ ಬಿಟ್ಟಿವೆ. ಈಗ ಓಡುತ್ತಿರುವುದು ಯಾವ ಹಂತ ಎಂಬುದು ಒಂದು ರಿಜಿಸ್ಟರಿನ ಕೊನೆಯ ಎರಡು ಬಿಟ್‌ಗಳಲ್ಲಿ ಇರುತ್ತದೆ. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಿರುವುದೂ, ಬ್ರೌಸರಿನಲ್ಲಿ ತೆರೆದ ಯಾವುದೋ ಪುಟ ನಿಮ್ಮ ಇಡೀ ಯಂತ್ರವನ್ನು ಕೈಗೆ ತೆಗೆದುಕೊಳ್ಳದಿರುವುದೂ ಕಡೆಗೆ ಈ ಎರಡು ಬಿಟ್‌ಗಳ ಮೇಲೆ ನಿಂತಿವೆ.

ಎಮ್ಯುಲೇಟರ್ ಬರೆಯುವವರು ಈ ಪ್ರೊಸೆಸರನ್ನು ತಂತ್ರಾಂಶದಲ್ಲಿ ನಕಲು ಮಾಡುತ್ತಾರೆ. ಕೂಡುವುದನ್ನು ತಪ್ಪಾಗಿ ನಕಲು ಮಾಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಲಿನಕ್ಸ್ ಏಳುವುದೇ ಇಲ್ಲ. ನಿರಾಕರಿಸುವುದನ್ನು ಮರೆತರೆ? ಲಿನಕ್ಸ್ ಏಳುತ್ತದೆ, ವಿಂಡೋಸ್ ಏಳುತ್ತದೆ, ಆಟಗಳು ಓಡುತ್ತವೆ, ಡೇಟಾಬೇಸ್ ಓಡುತ್ತದೆ. ಸಭ್ಯ ಪ್ರೋಗ್ರಾಮುಗಳು ನಿಷೇಧಿತ ಬಾಗಿಲು ತಟ್ಟುವುದೇ ಇಲ್ಲವಾದ್ದರಿಂದ ಅಲ್ಲಿ ಕಾವಲುಗಾರನಿಲ್ಲ ಎಂಬುದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ನೀವು ಕೇಳಿದ ಜಾತಿಯ ದೋಷಗಳ ಮೂಲವೆಲ್ಲ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಗೋಡೆ ಒಡೆದು ಒಳಗೆ ನುಗ್ಗಿದ ಕಥೆಗಳು ಬೇರೆ. 2015ರ ಮೇ ತಿಂಗಳಲ್ಲಿ ಬಯಲಾದ 'ವೆನಮ್' ಅಂಥದ್ದು: ಕ್ಯೂಎಮುವಿನ ಫ್ಲಾಪಿ ಡ್ರೈವ್ ನಕಲಿನೊಳಗೆ 2004ರಿಂದ ಕೂತಿದ್ದ ತಪ್ಪು, ಹಂಚಿಟ್ಟ ಜಾಗ ಮೀರಿ ಬರೆದು ಒಳಗಿನ ಯಂತ್ರದಿಂದ ಹೊರಗಿನ ಯಂತ್ರಕ್ಕೆ ಹೋಗುವ ದಾರಿ. ಅದಕ್ಕೆ ಹೆಸರು ಬಂತು, ಲಾಂಛನ ಬಂತು, ಪತ್ರಿಕೆಗಳಲ್ಲಿ ಸುದ್ದಿ ಬಂತು. ಕಾವಲುಗಾರ ಕೇಳಬೇಕಾದ ಪ್ರಶ್ನೆ ಕೇಳದೆ ಬಿಟ್ಟ ದೋಷಗಳಿಗೆ ಅಷ್ಟು ಹೆಸರಿಲ್ಲ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅವೇ.

ಮೊದಲು ನಿಮ್ಮ ಮೇಷ್ಟ್ರ ಉದಾಹರಣೆ. ಕ್ಯೂಎಮುವನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದರು. ಒಂದೊಂದೇ ಆದೇಶವನ್ನು ಓದಿ ನಟಿಸುತ್ತಾ ಕೂತರೆ ಬಹಳ ನಿಧಾನ. ಅದಕ್ಕೆ ಕ್ಯೂಎಮು ಒಂದಷ್ಟು ಆದೇಶಗಳ ತುಣುಕನ್ನು ಒಟ್ಟಿಗೆ ಎತ್ತಿಕೊಂಡು ನಿಮ್ಮ ನಿಜವಾದ ಪ್ರೊಸೆಸರಿಗೆ ತಿಳಿಯುವ ಭಾಷೆಗೆ ಅನುವಾದಿಸಿ ಇಟ್ಟುಕೊಳ್ಳುತ್ತದೆ. ಅದೇ ತುಣುಕು ಮತ್ತೆ ಬಂದರೆ ಹೊಸದಾಗಿ ಅನುವಾದಿಸದೆ, ಇಟ್ಟದ್ದನ್ನೇ ಓಡಿಸುತ್ತದೆ. ಈ ಭಾಗಕ್ಕೆ ಟಿಸಿಜಿ ಎಂದು ಹೆಸರು. ಇಟ್ಟ ತುಣುಕು ಯಾವುದು ಎಂದು ಗುರುತಿಸಲು ಅದು ನೆನಪಿನ ಯಾವ ಪುಟಗಳಿಂದ ಬಂತು ಎಂಬ ಲೆಕ್ಕ ಬೇಕು. ಒಂದು ಪುಟವೆಂದರೆ 4096 ಬೈಟ್. ಒಂದು ತುಣುಕು ಹೆಚ್ಚೆಂದರೆ ಎರಡು ಪುಟಗಳಲ್ಲಿ ಹರಡೀತು ಎಂಬ ನಂಬಿಕೆಯ ಮೇಲೆ ಆ ಲೆಕ್ಕವನ್ನು ಕಟ್ಟಿದ್ದರು.

ಈ ನಂಬಿಕೆಗೆ ಆಧಾರವಾಗಬಹುದಾದ ನಿಯಮವೊಂದು ಅಸಲಿ ಪ್ರೊಸೆಸರಿನಲ್ಲಿದೆ. ಇಂಟೆಲ್ ಮನೆತನದ ಎಕ್ಸ್86ನಲ್ಲಿ ಒಂದು ಆದೇಶ 15 ಬೈಟ್ ಮೀರುವಂತಿಲ್ಲ. ಮೀರಿದರೆ ಪ್ರೊಸೆಸರ್ ಅದನ್ನು ನಡೆಸುವುದಿಲ್ಲ. ಆದೇಶದ ಮುಂದೆ ಉಪಸರ್ಗದ ಹಾಗೆ ಕೆಲವು ಬೈಟ್‌ಗಳನ್ನು ಸೇರಿಸಬಹುದು, ಒಂದನ್ನೇ ಮತ್ತೆ ಮತ್ತೆ ಬರೆಯಲೂಬಹುದು. ಆದರೆ ಒಟ್ಟು ಹದಿನೈದಕ್ಕೆ ಗೆರೆ. ಕ್ಯೂಎಮು ಆ ಆದೇಶಗಳ ಅರ್ಥವನ್ನೆಲ್ಲ ಸರಿಯಾಗಿ ನಕಲು ಮಾಡಿತ್ತು, ಹದಿನೈದರ ಗೆರೆಯನ್ನು ಮಾತ್ರ ನಕಲು ಮಾಡಿರಲಿಲ್ಲ. ಯಾವ ಕಂಪೈಲರೂ ಹದಿನಾರು ಬೈಟಿನ ಆದೇಶ ಹೊರಡಿಸುವುದಿಲ್ಲ, ಹಾಗಾಗಿ ಯಾರಿಗೂ ಕೊರತೆ ಅನ್ನಿಸಲಿಲ್ಲ. ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದ ಯಾನ್ ಹಾರ್ನ್ ಅದನ್ನು ಗಮನಿಸಿದರು. ಬೇಕೆಂದೇ ಉದ್ದುದ್ದ ಹೊಲಿದ ಆದೇಶ ಬಂದರೆ ಎರಡು ಪುಟಗಳ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದಲ್ಲಿ, ಸಾಮಾನ್ಯ ಬಳಕೆದಾರ ತನ್ನ ಕೈಯಾರೆ ತಯಾರಿಸಿದ ತುಣುಕು ಇನ್ನೊಂದು ಪ್ರೋಗ್ರಾಮಿನ ತುಣುಕು ಎಂದು ಚಲಾವಣೆಯಾಗುತ್ತದೆ. ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಪ್ರಾಕ್‌ಮೇಲ್ ಎಂಬ ಹಳೆಯ ಟಪಾಲು ವಿಂಗಡಿಸುವ ಪ್ರೋಗ್ರಾಮನ್ನು. ಯಾರು ಓಡಿಸಿದರೂ ರೂಟ್ ಅಧಿಕಾರದಲ್ಲಿ ಓಡುವಂತೆ ಅದನ್ನು ಅಳವಡಿಸಿರುತ್ತಾರೆ. ಅದು ತನ್ನ ಆದೇಶಗಳನ್ನು ಓಡಿಸುತ್ತಿದ್ದೇನೆ ಎಂದುಕೊಂಡು ದಾಳಿಕೋರನ ಆದೇಶಗಳನ್ನು ಓಡಿಸಿತು.

ಪ್ರಣೀತ್ ಕುಮಾರ್ ಬರೆದ ಸಣ್ಣ ತಿದ್ದುಪಡಿಯೊಂದು ಬಂತು. ಅನುವಾದಿಸುವಾಗ ಆದೇಶದ ಉದ್ದ ನೋಡು, ಹದಿನೈದು ದಾಟಿದರೆ ಅಸಲಿ ಪ್ರೊಸೆಸರ್ ಮಾಡುವ ಹಾಗೆ ನಿರಾಕರಿಸು. 2017ರ ಏಪ್ರಿಲಿನಲ್ಲಿ ಬಂದ ಕ್ಯೂಎಮು 2.9ರಲ್ಲಿ ಅದು ಸೇರಿತು. ಹೊಸ ಸಾಮರ್ಥ್ಯ ಏನೂ ಸೇರಲಿಲ್ಲ, ಬಿಟ್ಟುಹೋಗಿದ್ದ ಒಂದು 'ಇಲ್ಲ' ಸೇರಿತು.

ನಷ್ಟ ಯಾರಿಗೆ ಎಂದು ಕೇಳಿದಿರಿ. ಇದಕ್ಕೆ ಉತ್ತರವಾಗಿ ಪುಣೆಯದೇ ಒಂದು ಘಟನೆ ನೆನಪಾಗುತ್ತದೆ. ಅದು ಎಮ್ಯುಲೇಟರಿನ ದೋಷವಲ್ಲ, ಆದರೆ ಇಲ್ಲ ಎನ್ನದ ನಕಲಿನಿಂದ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2018ರ ಆಗಸ್ಟ್ 11ರ ಶನಿವಾರ, ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಕಾರ್ಡುಗಳ ನಕಲುಗಳನ್ನು ಹಿಡಿದು ಜನ ಭಾರತವೂ ಸೇರಿ ಹಲವು ದೇಶಗಳ ಎಟಿಎಂಗಳಿಗೆ ಹೋದರು. ಎಟಿಎಂ ಒಂದು ಕೋರಿಕೆ ಕಳಿಸಿದಾಗ ಖಾತೆಯಲ್ಲಿ ಹಣ ಇದೆಯೇ, ಕೊಡಬಹುದೇ ಎಂದು ಬ್ಯಾಂಕಿನ ಮೂಲ ವ್ಯವಸ್ಥೆಯನ್ನು ಕೇಳುವುದು ಸ್ವಿಚ್ ಎಂಬ ಕೊಂಡಿಯ ಕೆಲಸ. ದುಷ್ಕರ್ಮಿಗಳು ಆ ಜಾಗದಲ್ಲಿ ತಮ್ಮದೇ ನಕಲಿ ಸ್ವಿಚ್ ಕೂರಿಸಿದ್ದರು. ಕೋರಿಕೆಗಳು ಬ್ಯಾಂಕಿನವರೆಗೆ ಹೋಗಲೇ ಇಲ್ಲ. ನಕಲಿ ಸ್ವಿಚ್ ಎಲ್ಲದಕ್ಕೂ ಆಗಲಿ ಅಂದಿತು. ಎರಡು ದಿನ ಬಿಟ್ಟು ಬ್ಯಾಂಕುಗಳ ನಡುವಿನ ಸ್ವಿಫ್ಟ್ ಜಾಲದ ಮೂಲಕ ಹಾಂಕಾಂಗಿಗೆ ಇನ್ನೊಂದಷ್ಟು ಹಣ ಹೋಯಿತು. ಒಟ್ಟು ಸುಮಾರು 94 ಕೋಟಿ ರೂಪಾಯಿ. ಎಟಿಎಂ ಕಡೆಯಿಂದ ನೋಡಿದರೆ ಆ ದಿನ ಏನೂ ಕೆಟ್ಟಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ರೂಪದಲ್ಲಿ ಉತ್ತರ ಬರುತ್ತಿತ್ತು. ಕೊರತೆ ಇದ್ದದ್ದು ನಿರಾಕರಣೆಯೊಂದರದೇ.

ಎಮ್ಯುಲೇಟರಿನಲ್ಲೂ ಹಾಗೆಯೇ. ನಕಲಿ ಪ್ರೊಸೆಸರಿನೊಳಗೆ ಓಡುವ ಆಪರೇಟಿಂಗ್ ಸಿಸ್ಟಮ್ ಅದನ್ನು ಅಸಲಿ ಎಂದೇ ನಂಬುತ್ತದೆ. ತನ್ನ ಬಳಕೆದಾರರನ್ನು ಬೇರೆ ಬೇರೆ ಇಡುವ ಹೊಣೆಯನ್ನು ಪ್ರೊಸೆಸರಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಇರುತ್ತದೆ. ಒಳಗಿರುವ ಡೇಟಾ ನಕಲಿಯಲ್ಲ, ಅಲ್ಲಿ ಲಾಗಿನ್ ಆಗುವ ಜನ ನಕಲಿಯಲ್ಲ.

ಇಲ್ಲಿಗೆ ಟಿಸಿಜಿಯ ಮಾತು ಬಿಟ್ಟು ನಿಮ್ಮ ಕಂಪನಿಯ ಸರ್ವರುಗಳ ಕಡೆ ಬರೋಣ, ಅಲ್ಲಿ ವಿಷಯ ಇನ್ನೂ ಗಂಭೀರ. ಕ್ಲೌಡ್‌ನಲ್ಲಿ ಪೂರ್ತಿ ಅನುವಾದ ಮಾಡಿ ಓಡಿಸುವವರು ಕಡಿಮೆ. ಒಳಗಿನ ಯಂತ್ರದ ಆದೇಶಗಳು ನೇರವಾಗಿ ನಿಜವಾದ ಪ್ರೊಸೆಸರಿನ ಮೇಲೆ ಓಡುತ್ತವೆ, ಸೂಕ್ಷ್ಮವಾದದ್ದು ಬಂದಾಗ ಮಾತ್ರ ಪ್ರೊಸೆಸರ್ ಅದನ್ನು ತಡೆದು, ಒಳಗಿನ ಯಂತ್ರಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ಕೈಗೆ ಕೊಡುತ್ತದೆ. ಈ ತಡೆಯುವ ಶಕ್ತಿ ಇಂಟೆಲ್ ಪ್ರೊಸೆಸರುಗಳಿಗೆ ಬಂದದ್ದು 2005ರಲ್ಲಿ. ಅದಕ್ಕೆ ಮುಂಚೆ ಪರಿಸ್ಥಿತಿ ಎಷ್ಟು ತೊಡಕಾಗಿತ್ತು ಅಂದರೆ, 2000ದಲ್ಲಿ ರಾಬಿನ್ ಮತ್ತು ಇರ್ವಿನ್ ಎಂಬ ಇಬ್ಬರು ಸಂಶೋಧಕರು ಪೆಂಟಿಯಂನಲ್ಲಿ 17 ಆದೇಶಗಳನ್ನು ಪಟ್ಟಿ ಮಾಡಿ, ಇವು ಸೂಕ್ಷ್ಮವಾದವು, ಆದರೂ ಮೂರನೆಯ ಹಂತದವರು ಕೊಟ್ಟರೆ ಪ್ರೊಸೆಸರ್ ತಡೆಯುವುದಿಲ್ಲ ಎಂದು ತೋರಿಸಿದ್ದರು. ಲಿನಕ್ಸ್‌ನಲ್ಲಿ ಈ ಕೆಲಸ ನೋಡಿಕೊಳ್ಳುವುದು ಕೆವಿಎಂ. 2007ರ ಫೆಬ್ರವರಿಯಲ್ಲಿ ಲಿನಕ್ಸ್ 2.6.20ರ ಜೊತೆ ಬಂತು. ಅದನ್ನು ಹುಟ್ಟುಹಾಕಿದ ಇಸ್ರೇಲಿನ ಕುಮ್ರಾನೆಟ್ ಕಂಪನಿಯನ್ನು ರೆಡ್ ಹ್ಯಾಟ್ 2008ರಲ್ಲಿ 107 ದಶಲಕ್ಷ ಡಾಲರಿಗೆ ಕೊಂಡಿತು. ಕೆವಿಎಂ ಮತ್ತು ಕ್ಯೂಎಮು ಜೋಡಿಯಾಗಿ ಕೆಲಸ ಮಾಡುತ್ತವೆ: ಪ್ರೊಸೆಸರ್ ಕೆವಿಎಂ ಪಾಲು, ಡಿಸ್ಕ್, ನೆಟ್‌ವರ್ಕ್ ಮುಂತಾದ ಸಾಧನಗಳ ನಕಲು ಕ್ಯೂಎಮು ಪಾಲು.

ವರ್ಚುವಲ್ ಮಷೀನಿನೊಳಗೆ ಇನ್ನೊಂದು ವರ್ಚುವಲ್ ಮಷೀನ್ ಓಡಿಸಬೇಕಾದಾಗ ಏನಾಗುತ್ತದೆ ನೋಡಿ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಯಂತ್ರದಲ್ಲಿ ವಿದ್ಯಾರ್ಥಿಗಳಿಗೆ ಹೈಪರ್‌ವೈಸರ್ ಕಲಿಸಬೇಕಾದರೆ ಇದು ಬೇಕಾಗುತ್ತದೆ. ಆಗ ಕೆವಿಎಂ ತನ್ನ ಅತಿಥಿಗೆ, ಅಂದರೆ ಒಳಗಿನ ಯಂತ್ರಕ್ಕೆ, ನಿನ್ನ ಪ್ರೊಸೆಸರಿನಲ್ಲೂ ಆ ತಡೆಯುವ ಶಕ್ತಿ ಇದೆ ಎಂದು ನಂಬಿಸಬೇಕು. ಅಂದರೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವನ್ನೇ ತಂತ್ರಾಂಶದಲ್ಲಿ ನಕಲು ಮಾಡಬೇಕು. ಈ ನಕಲಿನಲ್ಲಿ ಆದ ಒಂದು ತಪ್ಪಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದರಲ್ಲಿ ಸೋಮಾರಿಗಳು ಯಾರೂ ಇಲ್ಲ.

ಇಂಟೆಲ್‌ನಲ್ಲಿ ಈ ಸೌಲಭ್ಯವನ್ನು ಬಳಸಲು ಇರುವ ಆದೇಶಗಳನ್ನು ವಿಎಂಎಕ್ಸ್ ಎಂದು ಕರೆಯುತ್ತಾರೆ; ಅವನ್ನು ಕೊಡುವ ಅಧಿಕಾರ ಸೊನ್ನೆಯ ಹಂತಕ್ಕೆ, ಅಂದರೆ ಕರ್ನಲ್‌ಗೆ ಮಾತ್ರ. ಕೆವಿಎಂನಲ್ಲಿ ಮೊದಲು ಈ ಪರೀಕ್ಷೆ ಇತ್ತು. ಅತಿಥಿ ಇಂಥ ಆದೇಶ ಕೊಟ್ಟಾಗ, ಕೊಟ್ಟವರು ಸೊನ್ನೆಯ ಹಂತದವರೇ ಎಂದು ನೋಡಿ ಮುಂದುವರಿಯುತ್ತಿತ್ತು. 2017ರಲ್ಲಿ ಅನುಭವಿ ಎಂಜಿನಿಯರ್ ಒಬ್ಬರು ಇಂಟೆಲ್‌ನ ಕೈಪಿಡಿ ಓದುತ್ತಾ ಒಂದು ನಿಯಮ ಗಮನಿಸಿದರು: ಅಧಿಕಾರದ ಹಂತಕ್ಕೆ ಸಂಬಂಧಿಸಿದ ತಪ್ಪುಗಳನ್ನು ಪ್ರೊಸೆಸರ್ ಮೊದಲೇ ಹಿಡಿಯುತ್ತದೆ, ಹೈಪರ್‌ವೈಸರ್‌ಗೆ ಕೊಡುವುದು ಆಮೇಲೆ. ಹಾಗಾದರೆ ಕೆವಿಎಂ ಮತ್ತೊಮ್ಮೆ ನೋಡುವುದು ವ್ಯರ್ಥ. ಅವರು ಆ ಪರೀಕ್ಷೆಗಳನ್ನು ತೆಗೆದರು, ಬೇರೆಯವರು ನೋಡಿ ಒಪ್ಪಿದರು. ಕೋಡು ಹಗುರವಾಯಿತು.

ಆದರೆ ವಿಎಂಎಕ್ಸ್ ಆದೇಶಗಳಿಗೆ ಆ ಸಾಮಾನ್ಯ ನಿಯಮ ಅನ್ವಯಿಸುವುದಿಲ್ಲ. ಅತಿಥಿಯ ಒಳಗಿಂದ ಅವು ಬಂದರೆ, ಕೊಟ್ಟವರು ಮೂರನೆಯ ಹಂತದವರಾದರೂ, ಪ್ರೊಸೆಸರ್ ವಿಚಾರಿಸದೆ ನೇರವಾಗಿ ಹೈಪರ್‌ವೈಸರ್ ಕೈಗೆ ಕೊಡುತ್ತದೆ. ವಿಚಾರಿಸುವುದು ನಿನ್ನ ಕೆಲಸ ಎಂಬ ಏರ್ಪಾಡು. ನಿಮ್ಮ ಕಡೆಯ ದೊಡ್ಡ ಹೌಸಿಂಗ್ ಸೊಸೈಟಿಗಳನ್ನು ನೆನೆಸಿಕೊಳ್ಳಿ. ಗೇಟಿನ ವಾಚ್‌ಮನ್ ಬಂದವರನ್ನೆಲ್ಲ ಕೇಳುತ್ತಾನೆ, ಆದರೆ ಎ ವಿಂಗ್‌ಗೆ ಹೋಗುವವರನ್ನು ಕೇಳದೆ ಬಿಡು, ಅಲ್ಲಿ ಬೇರೆ ವಾಚ್‌ಮನ್ ಇದ್ದಾನೆ ಎಂದು ಅವನಿಗೆ ಹೇಳಿದೆ. ಎ ವಿಂಗ್‌ನವನಿಗೆ ಆ ವಿಷಯ ತಿಳಿಯದು. ಗೇಟಿನಲ್ಲಿ ಎಲ್ಲರನ್ನೂ ಕೇಳಿಯೇ ಬಿಡುತ್ತಾರಲ್ಲ ಎಂದು ಅವನು ರಿಜಿಸ್ಟರ್ ಮುಚ್ಚಿಟ್ಟ. ಇಬ್ಬರೂ ತಮಗೆ ತಿಳಿದಂತೆ ಸರಿಯಾಗಿಯೇ ಇದ್ದಾರೆ. ಬಂದವನನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಸುಮಾರು ಒಂದು ವರ್ಷ ಕೆವಿಎಂ ಹೀಗಿತ್ತು. ಯಂತ್ರದೊಳಗೆ ಯಂತ್ರ ಓಡಿಸುವ ಈ ನೆಸ್ಟೆಡ್ ಸೌಲಭ್ಯ ಚಾಲೂ ಇದ್ದ ಕಡೆ, ಅತಿಥಿಯೊಳಗಿನ ಯಃಕಶ್ಚಿತ್ ಬಳಕೆದಾರನೂ ಕರ್ನಲ್ ಮಾತ್ರ ಕೊಡಬಹುದಾದ ಆದೇಶ ಕೊಡಬಹುದಿತ್ತು. ಅದರಿಂದ ಆ ಅತಿಥಿಯ ಕರ್ನಲ್‌ನ ಮೇಲೆಯೇ ಹಿಡಿತ ಸಾಧಿಸುವ ದಾರಿ ತೆರೆದಿತ್ತು. 2018ರಲ್ಲಿ ಗೂಗಲ್‌ನ ಫೆಲಿಕ್ಸ್ ವಿಲ್ಹೆಲ್ಮ್ ಇದನ್ನು ಕಂಡು, ತೆಗೆದ ಪರೀಕ್ಷೆಯನ್ನು ಮರಳಿ ಸೇರಿಸಿದರು. ಸಂಖ್ಯೆ ಸಿವಿಇ-2018-12904, ಲಿನಕ್ಸ್ 4.17.2ರಲ್ಲಿ ಸರಿಯಾಯಿತು. ಆಗಿನ್ನೂ ಇಂಟೆಲ್ ಯಂತ್ರಗಳಲ್ಲಿ ಕೆವಿಎಂನ ನೆಸ್ಟೆಡ್ ಸೌಲಭ್ಯ ತಾನಾಗಿ ಚಾಲೂ ಇರುತ್ತಿರಲಿಲ್ಲ ಎಂಬುದು ಪುಣ್ಯ. ಅದೇ ವರ್ಷದ ಕೊನೆಗೆ ಬಂದ 4.20ರಿಂದ ತಾನಾಗಿ ಚಾಲೂ ಆಯಿತು.

ಈ ಘಟನೆ ನನ್ನ ಮನಸ್ಸಿನಲ್ಲಿ ಉಳಿದಿರುವುದಕ್ಕೆ ಕಾರಣವಿದೆ. ಅನಗತ್ಯ ಎಂದು ಕಾಣುವ ಕೋಡನ್ನು ತೆಗೆಯುವುದು ಒಳ್ಳೆಯ ಎಂಜಿನಿಯರ್ ಗುಣ. ಕೈಪಿಡಿ ಓದಿ ತೆಗೆಯುವುದು ಇನ್ನೂ ಒಳ್ಳೆಯದು. ಪರೀಕ್ಷೆಗಳೆಲ್ಲ ಪಾಸಾದವು, ಯಾವ ಅತಿಥಿಯೂ ಬೀಳಲಿಲ್ಲ. ಕೂಡುವ ಕೋಡು ತೆಗೆದಿದ್ದರೆ ಆ ಸಂಜೆಯೇ ಗೊತ್ತಾಗುತ್ತಿತ್ತು. ನಿರಾಕರಿಸುವ ಕೋಡು ತೆಗೆದದ್ದು ಒಂದು ವರ್ಷ ಮುಚ್ಚಿಕೊಂಡಿತು. ಮೂರನೆಯ ಹಂತದಿಂದ ಈ ಆದೇಶ ಕೊಟ್ಟರೆ ಸೋಲಬೇಕು ಎಂದು ಸೋಲನ್ನೇ ಪರೀಕ್ಷಿಸುವ ಒಂದು ಟೆಸ್ಟ್ ಬರೆದಿಟ್ಟಿದ್ದರೆ ಅಂದೇ ಸಿಕ್ಕಿಬೀಳುತ್ತಿತ್ತು. ನೀವು ಈಗ ಕಲಿಯುತ್ತಿರುವವರು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ: ನೀವು ಬರೆಯುವ ಟೆಸ್ಟುಗಳಲ್ಲಿ ಆಗಬೇಕಾದ್ದರ ಜೊತೆ ಆಗಬಾರದ್ದನ್ನೂ ಬರೆಯಿರಿ.

ಅದೇ 2018ರಲ್ಲಿ ಇನ್ನೊಂದು, ಸಿವಿಇ-2018-10853. ಕೆಲವು ಸಂದರ್ಭಗಳಲ್ಲಿ ಕೆವಿಎಂ ಆದೇಶಗಳನ್ನು ತಾನೇ ನಟಿಸಿ ನಡೆಸಬೇಕಾಗುತ್ತದೆ. ಹಾಗೆ ನಡೆಸುವಾಗ ಎಸ್‌ಜಿಡಿಟಿ, ಎಸ್‌ಐಡಿಟಿ ಮುಂತಾದ ನಾಲ್ಕು ಆದೇಶಗಳಲ್ಲಿ, ನೆನಪನ್ನು ಮುಟ್ಟುತ್ತಿರುವವರು ಬಳಕೆದಾರರೋ ಕರ್ನಲ್ಲೋ ಎಂದು ನೋಡದೆ ಕರ್ನಲ್‌ನವರೇ ಎಂದುಕೊಂಡು ನಡೆಸಿಬಿಡುತ್ತಿತ್ತು. ರಾಬಿನ್ ಮತ್ತು ಇರ್ವಿನ್ ಅವರ ಹದಿನೇಳರ ಪಟ್ಟಿಯಲ್ಲಿ ಈ ಎಸ್‌ಜಿಡಿಟಿ, ಎಸ್‌ಐಡಿಟಿ ಎರಡೂ ಇದ್ದವು. ಹದಿನೆಂಟು ವರ್ಷ ಕಳೆದರೂ ತೊಡಕು ಅದೇ ಜಾಗದಲ್ಲಿ ಬಂತು.

ಮೂರನೆಯದನ್ನು ಪುಣೆಯವರಿಗೆ ಹೇಳುವುದು ಸುಲಭ. ನೀವು ಶನಿವಾರವಾಡೆಗೆ ಹೋಗಿರುತ್ತೀರಿ. ಮೊದಲನೆಯ ಬಾಜೀರಾಯ 1730ರಲ್ಲಿ ಕಟ್ಟಿಸಲು ತೊಡಗಿದ ಅರಮನೆ. 1773ರ ಆಗಸ್ಟ್ 30ರಂದು ಹರೆಯದ ಪೇಶ್ವೆ ನಾರಾಯಣರಾಯನನ್ನು ಅಲ್ಲೇ ಅವನ ಗಾರ್ದಿ ಕಾವಲಿನವರೇ ಕೊಂದರು. ಜನ ಹೇಳುವ ಕಥೆ ಹೀಗೆ: ಚಿಕ್ಕಪ್ಪ ರಘುನಾಥರಾಯ ಬರೆದ ಚೀಟಿಯಲ್ಲಿ 'ಧರಾವೇ', ಹಿಡಿಯಿರಿ, ಎಂದಿತ್ತು. ಅದು ಅವನ ಕೈಬಿಟ್ಟ ಮೇಲೆ, ಗಾರ್ದಿಗಳ ಕೈಸೇರುವ ಮೊದಲು, ಹೆಂಡತಿ ಆನಂದೀಬಾಯಿ ಒಂದಕ್ಷರ ತಿದ್ದಿ 'ಮಾರಾವೇ', ಕೊಲ್ಲಿರಿ, ಮಾಡಿದಳು. ನಡೆದದ್ದು ಹಾಗೆಯೋ ಅಲ್ಲವೋ, ಮರಾಠಿಯಲ್ಲಿ 'ಧ ಚಾ ಮಾ' ಮಾಡುವುದು ಎಂಬ ನುಡಿಗಟ್ಟು ಮಾತ್ರ ಉಳಿದಿದೆ. ನಿಮ್ಮ ಆಫೀಸಿನಲ್ಲೂ ಕೇಳಿರಬಹುದು.

2021ರಲ್ಲಿ ಕೆವಿಎಂನ ಎಎಂಡಿ ಭಾಗದಲ್ಲಿ ಸಿಕ್ಕ ಸಿವಿಇ-2021-29657 ಅಕ್ಷರಶಃ ಧ ಚಾ ಮಾ. ಅತಿಥಿ ತನ್ನೊಳಗೆ ಇನ್ನೊಂದು ಯಂತ್ರ ಓಡಿಸಬೇಕಾದಾಗ, ಏನನ್ನೆಲ್ಲ ತಡೆಯಬೇಕು ಎಂದು ಒಂದು ಚೀಟಿಯಲ್ಲಿ ಬರೆದು ತನ್ನದೇ ನೆನಪಿನಲ್ಲಿ ಇಟ್ಟು ಕೆವಿಎಂಗೆ ತೋರಿಸುತ್ತದೆ. ಅದರಲ್ಲಿ ಒಂದು ಬಿಟ್ ಇರಲೇಬೇಕು. ಕೆವಿಎಂ ಚೀಟಿ ಓದಿ ಆ ಬಿಟ್ ಇದೆ ಎಂದು ಖಚಿತ ಮಾಡಿಕೊಳ್ಳುತ್ತಿತ್ತು. ಆಮೇಲೆ ಕೆಲಸಕ್ಕೆ ತೊಡಗುವಾಗ ಅದೇ ಚೀಟಿಯನ್ನು ಅತಿಥಿಯ ನೆನಪಿನಿಂದ ಇನ್ನೊಮ್ಮೆ ಓದುತ್ತಿತ್ತು. ಎರಡು ಓದುಗಳ ನಡುವಿನ ಚೂರು ಕಾಲದಲ್ಲಿ ಅತಿಥಿಯ ಇನ್ನೊಂದು ಪ್ರೊಸೆಸರ್ ಆ ಬಿಟ್ ಅಳಿಸಿದರೆ, ಪರೀಕ್ಷೆಯಾದದ್ದು ಒಂದು ಚೀಟಿ, ಜಾರಿಯಾದದ್ದು ಇನ್ನೊಂದು. ಕಂಡುಹಿಡಿದವರು ಮತ್ತೆ ಫೆಲಿಕ್ಸ್ ವಿಲ್ಹೆಲ್ಮ್. ಅವರು ಅಲ್ಲಿಂದ ಮುಂದೆ ಹೋಗಿ, ಅತಿಥಿಯಿಂದ ಹೊರಗಿನ ಹೋಸ್ಟ್ ಯಂತ್ರದವರೆಗೆ ದಾಟಿ ತೋರಿಸಿದರು, ಅದೂ ಕ್ಯೂಎಮುವಿನ ಯಾವ ದೋಷದ ನೆರವೂ ಇಲ್ಲದೆ. ಈ ತಪ್ಪು ಲಿನಕ್ಸ್ 5.10ರಲ್ಲಿ ಹೊಕ್ಕು ಕೆಲವೇ ತಿಂಗಳಲ್ಲಿ ಹೋಯಿತು. ಮದ್ದು ಸರಳವಾಗಿತ್ತು: ಚೀಟಿಯನ್ನು ಮೊದಲು ತನ್ನ ಜಾಗಕ್ಕೆ ನಕಲು ಮಾಡಿಕೋ, ನಕಲನ್ನೇ ಪರೀಕ್ಷಿಸು, ಅದನ್ನೇ ಜಾರಿ ಮಾಡು.

ಈಗ ನಿಮ್ಮ ಎರಡನೆಯ ಪ್ರಶ್ನೆ. ದೋಷ ಎನ್ನುವುದೂ ಭರವಸೆ ಮುರಿದಿಲ್ಲ ಎನ್ನುವುದೂ ಒಟ್ಟಿಗೆ ಹೇಗೆ?

ಕ್ಯೂಎಮು ಯೋಜನೆ ತನ್ನ ಬಳಕೆಯನ್ನು ಎರಡಾಗಿ ವಿಂಗಡಿಸಿಕೊಂಡಿದೆ. ಕೆವಿಎಂನಂಥ ಹಾರ್ಡ್‌ವೇರ್ ನೆರವಿನೊಂದಿಗೆ, ಪರಸ್ಪರ ನಂಬಿಕೆಯಿಲ್ಲದ ಅತಿಥಿಗಳನ್ನು ಬೇರೆ ಬೇರೆ ಇಡಲು ಬಳಸುವುದು ಒಂದು. ಅಲ್ಲಿ ಭದ್ರತೆಯ ಹೊಣೆ ಹೊರುತ್ತೇವೆ ಎನ್ನುತ್ತಾರೆ. ಟಿಸಿಜಿ ಬಳಸಿ ಬೇರೆ ಜಾತಿಯ ಪ್ರೊಸೆಸರನ್ನು ನಟಿಸುವುದು, ಕಲಿಯುವುದು, ಪರೀಕ್ಷೆ ಮಾಡುವುದು ಇನ್ನೊಂದು. ಅಲ್ಲಿ ಆ ಹೊಣೆ ಇಲ್ಲ. ತಪ್ಪು ಕಂಡರೆ ತಿದ್ದುತ್ತೇವೆ, ಆದರೆ ಅದನ್ನು ಭದ್ರತಾ ದೋಷ ಎಂದು ಪರಿಗಣಿಸುವುದಿಲ್ಲ ಎಂಬುದು ಅವರ ನಿಲುವು. 8284 ಸಿಕ್ಕಿದ್ದು ಈ ಎರಡನೆಯ ಮನೆಯಲ್ಲಿ. ಹತ್ತಾರು ಜಾತಿಯ ಪ್ರೊಸೆಸರುಗಳ ಅನುವಾದಕವನ್ನು, ಪ್ರತಿಯೊಂದರ ಪ್ರತಿ ನಿರಾಕರಣೆಯನ್ನೂ ಕಾಯುತ್ತೇವೆ ಎಂದು ಮಾತು ಕೊಟ್ಟು ತಪ್ಪುವುದಕ್ಕಿಂತ, ಕೊಡದಿರುವುದು ಪ್ರಾಮಾಣಿಕ. ಇಷ್ಟನ್ನು ನಾನು ಒಪ್ಪುತ್ತೇನೆ.

ಒಪ್ಪಿಯೂ, ಆ ದೋಷಕ್ಕೆ ಸಂಖ್ಯೆ ಕೊಟ್ಟು ದಾಖಲೆಯಲ್ಲಿ ಉಳಿಸಿದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಬಳಸುವವರು ಆ ವಿಂಗಡಣೆಯನ್ನು ಓದಿರುವುದಿಲ್ಲ. ಕೆವಿಎಂ ಸಿಗದ ಕಡೆ ಅದೇ ಪ್ರೋಗ್ರಾಮ್ ಟಿಸಿಜಿಯಲ್ಲಿ ಓಡುತ್ತದೆ; ತೆರೆಯ ಮೇಲೆ ಅದೇ ಲಾಗಿನ್, ಅದೇ ರೂಟ್, ಅದೇ ಪಾಸ್‌ವರ್ಡ್. ನಿಧಾನ ಎಂಬುದೊಂದು ಬಿಟ್ಟರೆ ಒಳಗಿರುವವನಿಗೆ ವ್ಯತ್ಯಾಸ ತಿಳಿಯದು. ಒಂದೇ ಎಮ್ಯುಲೇಟೆಡ್ ಯಂತ್ರಕ್ಕೆ ಮೂವತ್ತು ವಿದ್ಯಾರ್ಥಿಗಳು ಬೇರೆ ಬೇರೆ ಹೆಸರಿನಲ್ಲಿ ಲಾಗಿನ್ ಆದರೆ, ಅವರ ನಡುವೆ ಇದೆ ಎಂದು ಅವರು ನಂಬಿರುವ ಗೋಡೆಗೆ ಹೊಣೆ ಹೊತ್ತವರು ಯಾರೂ ಇಲ್ಲ. ಅದು ಅವರಿಗೆ ತಿಳಿಯಬೇಕು. ಈಗ ಇನ್ನೊಂದು ಕಾರಣವೂ ಸೇರಿದೆ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ, ಹೀಗೆ ನಮ್ಮ ದೇಶದಲ್ಲೇ ರಿಸ್ಕ್-ಫೈವ್ ಪ್ರೊಸೆಸರುಗಳು ತಯಾರಾಗುತ್ತಿವೆ. ಆ ಜಾತಿಯ ಚಿಪ್ ಕೈಗೆ ಸಿಗುವ ಮುನ್ನವೇ ಅದಕ್ಕೆ ಕರ್ನಲ್, ಹೈಪರ್‌ವೈಸರ್ ಬರೆಯಲು ಜನ ಮೊರೆಹೋಗುವುದು ಕ್ಯೂಎಮುವಿಗೆ. ಎಮ್ಯುಲೇಟರ್ ಇಲ್ಲ ಎನ್ನಬೇಕಾದ ಕಡೆ ಸುಮ್ಮನಿದ್ದರೆ, ಅದರ ಮೇಲೆ ಪರೀಕ್ಷಿಸಿದ ಕರ್ನಲ್‌ನ ತಪ್ಪೂ ಮುಚ್ಚಿಹೋಗಬಹುದು. ರಿಸ್ಕ್-ಫೈವ್‌ನ ಹೈಪರ್‌ವೈಸರ್ ವಿಸ್ತರಣೆಯಂತೂ ಅಧಿಕಾರದ ಹಂತಗಳನ್ನು ಇನ್ನಷ್ಟು ಸೀಳಿದೆ: ಅತಿಥಿಯ ಕರ್ನಲ್‌ಗೊಂದು, ಅತಿಥಿಯ ಬಳಕೆದಾರನಿಗೊಂದು. ಹಂತ ಹೆಚ್ಚಿದಷ್ಟೂ ನಕಲು ಮಾಡಬೇಕಾದ ನಿರಾಕರಣೆಗಳೂ ಹೆಚ್ಚು.

ನೀವು ಇರುವ ಊರಿನ ಬಗ್ಗೆ ಒಂದು ಮಾತು. ಈ ದೋಷಗಳ ಸುದ್ದಿ ಜಗತ್ತಿನ ಇನ್ನೆಲ್ಲಿಂದಲೋ ಬಂದು ನಮ್ಮನ್ನು ತಟ್ಟುತ್ತದೆ ಎಂದುಕೊಳ್ಳಬೇಡಿ. ರೆಡ್ ಹ್ಯಾಟ್‌ನ ಪುಣೆ ಕಚೇರಿಯಲ್ಲಿ ಕೂತ ಭದ್ರತಾ ಎಂಜಿನಿಯರುಗಳು ಹಲವು ವರ್ಷ ಕ್ಯೂಎಮು, ಕೆವಿಎಂ ದೋಷಗಳ ದೂರುಗಳನ್ನು ಪಡೆದು, ಪರಿಶೀಲಿಸಿ, ಸಿವಿಇ ಸಂಖ್ಯೆ ಕೊಟ್ಟು, ಜಗತ್ತಿಗೆ ಪ್ರಕಟಣೆ ಹೊರಡಿಸಿದವರು. ಹಿಂಜವಡಿಯಿಂದ ಹಡಪ್ಸರಕ್ಕೆ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ನಡೆದ ಕೆಲಸ. ಇಂಗ್ಲಿಷಿನ ನಾಲ್ಕೈದು ಸಾಲಿನ ಪ್ರಕಟಣೆ ಎಂದು ನಾವು ದಾಟಿಹೋಗುವುದರ ಹಿಂದೆ, ಬಂದ ದೂರು ನಿಜವೇ, ಯಾರಿಗೆ ಎಷ್ಟು ಅಪಾಯ, ತಿದ್ದುಪಡಿ ತಯಾರಾಗುವವರೆಗೆ ಎಷ್ಟು ದಿನ ಮೌನವಾಗಿರಬೇಕು ಎಂದು ತೂಗಿದ ಮನುಷ್ಯರಿದ್ದಾರೆ. ಆ ಕೆಲಸದ ಮೇಲೆ ನನಗೆ ಬಹಳ ಗೌರವವಿದೆ. ನೀವು ಕೇಳಿದಂಥ ಪ್ರಶ್ನೆ ಕೇಳುವವರೇ ಮುಂದೆ ಆ ಕುರ್ಚಿಗೆ ಬೇಕಾದವರು.

ಕೊನೆಯದಾಗಿ, ನಿಮ್ಮ ತರಬೇತಿಯ ಯಂತ್ರದಲ್ಲಿ ಮೂರು ಸಂಗತಿ ನೋಡಿಕೊಳ್ಳಿ. ಕ್ಯೂಎಮು ಕೆವಿಎಂ ಜೊತೆ ಓಡುತ್ತಿದೆಯೋ ಬರೀ ಟಿಸಿಜಿಯಲ್ಲೋ, ಅದನ್ನು ಶುರುಮಾಡುವ ಕಮಾಂಡಿನಲ್ಲಿ ಆಕ್ಸೆಲರೇಟರ್ ಹೆಸರು ನೋಡಿದರೆ ಗೊತ್ತಾಗುತ್ತದೆ. ಟಿಸಿಜಿಯಾದರೆ ಒಳಗಿನ ಯಂತ್ರ ಪೂರ್ತಿ ಒಬ್ಬರದೇ ಎಂದು ತಿಳಿದು ಬಳಸಿ, ಅದರಲ್ಲಿ ಇಬ್ಬರ ಗುಟ್ಟುಗಳನ್ನು ಇಡಬೇಡಿ. ಕೆವಿಎಂ ಆದರೆ ಅದರ ಮಾಡ್ಯೂಲಿನಲ್ಲಿ ನೆಸ್ಟೆಡ್ ಎಂಬ ಪ್ಯಾರಾಮೀಟರ್ ಇರುತ್ತದೆ. ವಿಎಂನೊಳಗೆ ವಿಎಂ ಓಡಿಸುವ ಪಾಠ ಮುಗಿದ ಮೇಲೆ ಅದನ್ನು ಆಫ್ ಮಾಡಿಡಲು ನಿಮ್ಮ ಅಡ್ಮಿನ್‌ಗೆ ಹೇಳಿ. ಮೂರನೆಯದು ಕರ್ನಲ್ ಅಪ್‌ಡೇಟ್. ನೆಸ್ಟೆಡ್ ಭಾಗದ ತಿದ್ದುಪಡಿಗಳು ಬರುವುದು ಹೊರಗಿನ ಹೋಸ್ಟ್ ಕರ್ನಲ್‌ಗೆ, ನೀವು ಒಳಗಿನ ಅತಿಥಿಯನ್ನು ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಅವು ಸಿಗುವುದಿಲ್ಲ. ಮೇಷ್ಟ್ರಿಗೆ ಸಮಯವಿದ್ದರೆ ಆ ಹದಿನೈದು ಬೈಟಿನ ಮಿತಿಯನ್ನೇ ಒಂದು ಪಾಠ ಮಾಡಲು ಕೇಳಿ. ಹದಿನಾರು ಬೈಟಿನ ಆದೇಶವೊಂದನ್ನು ನೀವೇ ಹೊಲಿದು ಕ್ಯೂಎಮುವಿಗೆ ಕೊಟ್ಟು ನೋಡಿ, 2.9ರ ನಂತರದ ಯಾವ ಆವೃತ್ತಿಯಾದರೂ ಅದನ್ನು ನಡೆಸದೆ ವಾಪಸ್ ಕಳಿಸಬೇಕು.